ಉಪ್ಪುನೀರಿನ ರೀಲು

ಮುಳಬಾಗಿಲಿನ ಡ್ರಿಲ್ ಮೇಷ್ಟ್ರು ಕೋದಂಡರಾಮಪ್ಪನವರಿಗೆ ಊರ ಕೆರೆಯ ಮೀನು ಲೆಕ್ಕಕ್ಕೇ ಇಲ್ಲ. ಕೊಕ್ಕೆಗೆ ಎರೆಹುಳುವಿನ ಬದಲು ಹಕ್ಕಿಗರಿ ಕಟ್ಟಿ, ಬೀಸಿ ಎಸೆದು, ಸಮುದ್ರದ ಮೀನನ್ನೇ ಹಿಡಿಯಬೇಕು. ಅದಕ್ಕೆ ದಾರ ಸುತ್ತುವ ತಕ್ಕ ರೀಲು ಬೇಕು. ಭಾನುವಾರ ಬಂತೆಂದರೆ ಕೆಜಿಎಫ್ ಬಸ್ಸು ಹತ್ತಿ, ಗಣಿಯ ದೊರೆಗಳು ಬಿಟ್ಟುಹೋದ ಸಾಮಾನು ಮಾರುವ ಮಸ್ತಾನ್ ಸಾಬರ ಅಂಗಡಿಯಲ್ಲಿ ಕೂರುತ್ತಾರೆ. ಒಂದೊಂದೇ ರೀಲನ್ನು ಕಿವಿಗಿಟ್ಟು ತಿರುಗಿಸಿ, ಹೆಣ್ಣು ನೋಡಲು ಬಂದವರಂತೆ ಹಿಂದೆಮುಂದೆ ನೋಡಿ, "ಉಪ್ಪುನೀರು ತಡ್ಕೊಳ್ತದಾ ಸಾಬ್ರೇ?" ಎನ್ನುತ್ತಾರೆ. "ಮನೇಗೆ ತಗೊಂಡೋಗಿ ನೋಡ್ಕೊಳ್ಳಿ ಮೇಷ್ಟ್ರೇ." ಪರೀಕ್ಷೆ ನಡೆಯುವುದು ಉಪ್ಪಿನಕಾಯಿ ಜಾಡಿಯಲ್ಲಿ. ವಾರವಿಡೀ ಉಪ್ಪುನೀರಲ್ಲಿ ನೆನೆದು ತುಕ್ಕು ಹಿಡಿದ ರೀಲನ್ನು ತಾವೇ ಉಜ್ಜಿ, ಎಣ್ಣೆ ಹಚ್ಚಿ ಹಿಂದಿರುಗಿಸುತ್ತಾರೆ. ಸಂಜೆ ಹೈವೇಯಲ್ಲಿ ನಿಂತ ಮದರಾಸಿನ ಲಾರಿಗಳ ಟಾರ್ಪಾಲು ಮೂಸಿ, "ಆಹಾ, ಸಮುದ್ರ!" ಎಂದು ಕಣ್ಣು ಮುಚ್ಚುತ್ತಾರೆ. ಮೊನ್ನೆ ಮಾತ್ರ ಒಂದು ರೀಲು ಜಾಡಿಯಿಂದ ಹೊಳೆಯುತ್ತಲೇ ಎದ್ದುಬಂತು. "ಸಿಕ್ತಲ್ಲ, ಇನ್ನೇನು ಮದರಾಸಿಗೆ ಹೊರಡ್ರೀ," ಎಂದರು ಹೆಂಡತಿ ಭಾರತಮ್ಮ. ಮೇಷ್ಟ್ರು ಅದನ್ನು ಪಂಚೆಯಂಚಿನಲ್ಲಿ ಒರೆಸಿದರು, ಕಿವಿಗಿಟ್ಟು ಬಹಳ ಹೊತ್ತು ತಿರುಗಿಸಿದರು, ಆಮೇಲೆ ಮೆಲ್ಲಗೆ ಮತ್ತೆ ಜಾಡಿಗೇ ಇಳಿಬಿಟ್ಟರು. "ಇನ್ನೆರಡು ಹಿಡಿ ಉಪ್ಪು ಹಾಕೇ. ಸಮುದ್ರ ಇದಕ್ಕಿಂತ ಉಪ್ಪಾಗಿರುತ್ತೆ," ಎಂದರು, ಸಮುದ್ರವನ್ನು ಒಮ್ಮೆಯೂ ಕಾಣದ ಕೋದಂಡರಾಮಪ್ಪನವರು.