ಕಪ್ಪಿಗಣ್ಣಿನ ಗಾಡಿ, ಅವ್ವನ ಸೀಟು

ನಮ್ಮ ಅವ್ವ ಅಪ್ಪನ ಕಾರಿಗೆ ಸವತಿ ಅಂತಿದ್ಳು. ಸಿಟ್ಟಿಲೆ ಅಲ್ಲ, ಭಾಳ ಸಮಾಧಾನದಿಂದ, ಅಕ್ಕಿ ಆರಿಸ್ಕೋತ. "ಅಪ್ಪ ಎಲ್ಲಿ ಹೋದ?" ಅಂತ ಕೇಳಿದ್ರ, "ಸವತಿ ಮೈ ತಿಕ್ಕಾಕತ್ತಾರ, ಹಿತ್ತಲದಾಗ ನೋಡು" ಅನ್ನಾಕಿ.

ಹಳೇ ಸ್ಪೋರ್ಟ್ಸ್ ಕಾರು ಅದು. ಕೆಂಪು ಬಣ್ಣ, ಮ್ಯಾಲ ಛಾವಣಿ ಇಲ್ಲ, ಇರೂದ ಎರಡು ಸೀಟು. ಹಿರೇಕೆರೂರಾಗ ಗೋವಿನಜೋಳ, ಹತ್ತಿ ವ್ಯಾಪಾರ ಮಾಡೂ ನಮ್ಮಪ್ಪ, ನಾ ಇನ್ನೂ ಸಾಲಿಗೆ ಹೋಗೂವಾಗ, ಸವಣೂರಿಗೆ ಹತ್ತಿ ನೋಡಾಕ ಹೋಗಿದ್ದ. ಅಲ್ಲಿ ಯಾರದೋ ಹಿತ್ತಲದಾಗ ಕೋಳಿ ಕುಂದ್ರತಿದ್ದ ಈ ಗಾಡಿ ಕಂಡು, ಹತ್ತಿ ಮರತು, ಗಾಡಿ ತಂದ.

ತಂದ ದಿನಾನ ಎಡವಿದ ನೋಡ್ರಿ. ಓಣಿ ಮಂದೀನ್ನೆಲ್ಲಾ ಒಬ್ಬೊಬ್ಬರನ್ನ ಬಾಜೂ ಸೀಟಿನ್ಯಾಗ ಕುಂದ್ರಿಸ್ಕೊಂಡು ಊರ ಸುತ್ತಿಸಿದ. ಅಂಗಡಿ ಗುಮಾಸ್ತ, ಹಾಲು ಹಾಕಾಕಿ, ಕ್ಷೌರದಾಂವ, ನಾನು, ನನ್ನ ಗೆಳತ್ಯಾರು, ಎಲ್ಲಾರೂ ಮೆರದ್ವಿ. ಅವ್ವ ಇಳಕಲ್ ಸೀರಿ ಉಟ್ಕೊಂಡು, ಹೂವು ಮುಡ್ಕೊಂಡು ಕಟ್ಟಿ ಮ್ಯಾಲ ನಿಂತಿದ್ಳು. ಕಡೀಕ ಆಕಿ ಪಾಳಿ ಬಂದಾಗ ಪೆಟ್ರೋಲ್ ತೀರಿತ್ತು. "ನಾಳೆ ಹೋಗೂಣು ಬಿಡು" ಅಂದ ಅಪ್ಪ. ಅವ್ವ ಒಳಗ ಹೋಗಿ ಸೀರಿ ಬಿಚ್ಚಿ ಮಡಚಿಟ್ಳು. ಮರುದಿನ ಕರದ್ರ, "ಊರೆಲ್ಲಾ ಕುಂತೆದ್ದ ಸೀಟು ನನಗ ಬ್ಯಾಡ" ಅಂದ್ಳು.

ಆಮ್ಯಾಲ ಆ ಮಾತು ಆಕೀನ ಮುಚ್ಚಿಟ್ಳು. ಯಾರರ ಕೇಳಿದ್ರ ಗಾಡಿ ಲೈಟಿನ ಮ್ಯಾಲ ಹಾಕಾಕಿ. ಮುಂದಿನ ಎರಡೂ ಮಡಗಾರ್ಡಿನ ಮ್ಯಾಲ ಲೈಟು ಎದ್ದು ನಿಂತಿದ್ವು, ಮಳಿಗಾಲದ ಕಪ್ಪಿ ಕಣ್ಣಿನಂಗ. "ಆ ಕಣ್ಣು ಕಂಡ್ರ ನನಗ ಉಂಡದ್ದು ಮೈಗೆ ಹತ್ತಂಗಿಲ್ಲ. ಅವು ಒಳಗ ಹೋಗಲಿ, ಆವಾಗ ಕುಂದ್ರತೇನಿ" ಅಂತಿದ್ಳು. ಎಲ್ಲಾರೂ ನಗತಿದ್ರು, ಅಪ್ಪನೂ ನಗತಿದ್ದ. ಅಪ್ಪನ ಮ್ಯಾಲ ಆಕೀಗೆ ಇನ್ನೊಂದು ತಕರಾರೂ ಇತ್ತು. ಬಾಗಿಲದ ಎರಡೂ ಬಾಜೂ ಗೋಡ್ಯಾಗ ದೀಪಾ ಇಡೂ ಮಾಡ, ಸಣ್ಣ ಗೂಡು, ಇದ್ವು. ಗೋಡಿಗೆ ಟೈಲ್ಸ್ ಹಚ್ಚಿಸುವಾಗ ಅಪ್ಪ ಅವೆರಡನ್ನೂ ಮುಚ್ಚಿಸಿಬಿಟ್ಟ. ಅವತ್ತಿನಿಂದ ಅವ್ವ ಸಂಜೀ ದೀಪಾ ಒಂದು ಸ್ಟೂಲಿನ ಮ್ಯಾಲ ಇಡ್ತಿದ್ಳು, ಗಾಳಿಗೆ ಆರಿದಾಗೊಮ್ಮೆ ಅಪ್ಪಗ ಬೈತಿದ್ಳು.

ಹೋದ ವರ್ಷ ಅಪ್ಪ ನನ್ನ ಟೇಲರಿಂಗ್ ಅಂಗಡಿಗೆ ಓಡಿ ಬಂದ. ಈ ವಯಸ್ಸಿನ್ಯಾಗ ಓಡೂದಂದ್ರೇನು! ಕೈಯಾಗ ಮೊಬೈಲು. ಅದರಾಗ ಎಲ್ಲೀದೋ ಒಂದು ಕಾರು, ಲೈಟು ಮಡಗಾರ್ಡಿನ ಒಳಗ ಹುದುಗಿ ಕುಂತಾವ, ಮ್ಯಾಲ ಸ್ವಚ್ಛ ಗಾಜು.

"ನೋಡವಾ, ಕಣ್ಣು ಒಳಗ ಹೋಗ್ತಾವ!"

"ಅಪ್ಪಾ, ಅವ್ವ ಚ್ಯಾಷ್ಟಿಗೆ ಅಂದಿದ್ದು ಅದು."

"ಚ್ಯಾಷ್ಟೀನ ಇರಲಿ, ಅಂದಾಳೋ ಇಲ್ಲೋ? ಚಿಕ್ಕೇರೂರಿಗೆ, ಆಕಿ ತವರಮನಿಗೆ, ಒಮ್ಮೆ ಬಾಜೂಕ ಕುಂದ್ರಿಸ್ಕೊಂಡು ಹೋಗಬೇಕವಾ. ಆಮ್ಯಾಲ ಗಾಡಿ ಗುಜರಿಗೆ ಹೋದ್ರೂ ಹೋಗಲಿ." ಹಂಗಂದು ನನ್ನ ಕತ್ತರಿ ಎತ್ತಿ ಸುಮ್ನ ತಗದು ಮುಚ್ಚಿ ಮಾಡಾಕತ್ತಿದ.

ಹಾನಗಲ್ಲಿನಿಂದ ತಗಡಿನ ಮಿಸ್ತ್ರಿ ಬಂದ. ಗಾಡಿ ಸುತ್ತ ತಿರುಗಿ, ಬೆರಳಿಲೆ ಬಡದು ನೋಡಿ, "ಸಾವ್ಕಾರ್ರ, ಕೊಯ್ಯೂದು ನಾ ಕೊಯ್ತೇನ್ರಿ. ಆಕಾರ ಯಾರರ ಬರಕೊಡ್ರಿ. ಒಮ್ಮೆ ಕೊಯ್ದ್ರ ತಗಡಾ ಹೊಲಿಯಾಕ ಬರಂಗಿಲ್ಲ" ಅಂದ. ಅಪ್ಪ ನನ್ನ ಕಡೆ ನೋಡಿದ. ನೋಡ್ರಿ ನನ್ನ ನಸೀಬ! ಬ್ಲೌಸಿನ ತೋಳು ಕೊಯ್ಯಾಕಿಗೆ ಮಡಗಾರ್ಡ ಕೊಯ್ಯಾಕ ಹಚ್ಚಿದ್ರು.

ಆದ್ರೂ ಹಳೇ ಲೈಟು ಬಿಚ್ಚಿಸಿ, ಖಾಕಿ ಕಾಗದ ಮಡಗಾರ್ಡಿನ ಮ್ಯಾಲ ಹಾಸಿ, ಟೇಪು ಹಿಡದು, ಗುಂಡುಪಿನ್ನಿನ ಬದಲಿ ಅಂಟಿನ ಪಟ್ಟಿ ಹಚ್ಚಿ ಬರದೆ. ಕೆಳಗ ಸಪಾಟ, ಮ್ಯಾಲ ಕಮಾನು, ಕಮಾನಿನ ತುದಿ ಸ್ವಲ್ಪ ಹೊರಗ ವಾಲಿದ್ದು. ಯಾಕ ಹಂಗ ಬರದೆ ಅಂತ ಕೇಳಬ್ಯಾಡ್ರಿ, ಕೈ ತಾನ ಹಂಗ ತಿರುಗಿತು. "ಬಲಕ್ಕ ಹಿಂಗ, ಎಡಕ್ಕ ಕಾಗದ ಹೊಳ್ಳಿಸಿ ಹಾಕ್ರಿ" ಅಂತ ಹೇಳಿ ಚಹಾ ತರಾಕ ಒಳಗ ಹೋದೆ.

ಬಂದು ನೋಡಿದ್ರ ಹಣಿ ಹಣಿ ಬಡಕೊಂಡೆ. ಅಪ್ಪ ಹಿಡದಾನ, ಮಿಸ್ತ್ರಿ ಸೀಮೆಸುಣ್ಣದಿಂದ ಗೆರಿ ಹೊಡದಾನ, ಇಬ್ಬರೂ ಕಾಗದ ಹೊಳ್ಳಿಸೂದನ್ನ ಮರತಾರ! ಎರಡೂ ಕಮಾನು ಬಲಕ್ಕ ವಾಲಿ, ಗಾಡಿ ಓರೆಗಣ್ಣಿಲೆ ಮಗ್ಗಲಮನಿ ನೋಡಾಕತ್ತಿತ್ತು.

"ಏನ್ ಮಾಡೀರಿ ಇದನ್ನ! ಎರಡೂ ತೋಳು ಒಂದ ಕೈಗೆ ಹೊಲಿದ್ರ ಯಾರು ಹಾಕ್ಕೊಳ್ಳಬೇಕ್ರಿ?" ಅಂತ ಒದರಿದೆ. ಹೊಲಿಯಾಕ ಕಲಿಯೂ ಹುಡಿಗ್ಯಾರು ಮೊದಲನೇ ವಾರ ಮಾಡೂ ತಪ್ಪದು. ಮಿಸ್ತ್ರಿ ಕೈಯಾಗ ಕೊಯ್ಯೂ ಮಿಷನ್ ಆಗಲೇ ಗುಂಯ್ ಅನ್ನಾಕತ್ತಿತ್ತು. ಚಹಾದ ತಾಟು ಅಲ್ಲೇ ಬಿಟ್ಟು ವಾಯರ್ ಹಿರದೆ. ಅಡಗೀಮನಿ ಕಿಡಕ್ಯಾಗಿಂದ ಕಿಸಕ್ ಅಂತ ನಗಿ ಕೇಳಿಸಿತು. ತನಗ ಸಂಬಂಧಾನ ಇಲ್ಲ ಅನ್ನೂವಂಗ ಇದ್ದ ನಮ್ಮವ್ವ, ಅಲ್ಲಿ ನಿಂತು ಎಲ್ಲಾ ನೋಡಾಕತ್ತಿದ್ಳು!

ಎಡಗಡೆ ಗೆರಿ ಒರಸಿ, ಕಾಗದ ಹೊಳ್ಳಿಸಿ ನಾನ ಮತ್ತ ಬರದೆ, ಮಿಸ್ತ್ರಿ ಕೊಯ್ದ. ಆಮ್ಯಾಲಿನ ದಿನಗಳಂತೂ ಹುಚ್ಚರ ಸಂತಿ. ಶಿಗ್ಗಾವಿಯ ಗುಜರಿ ಅಂಗಡ್ಯಾಗ ನಾನೂ ಅಪ್ಪನೂ ಲೈಟು ಹುಡುಕಿದ್ವಿ. ಅಪ್ಪ ಒಂದೊಂದನ್ನೂ ಕಣ್ಣಿನ ಮುಂದ ಹಿಡಕೊಂಡು "ನಿಮ್ಮವ್ವಗ ಇದು ಸೇರತೈತೇನು?" ಅಂತ ಕೇಳಾಂವ, ಸೀರಿ ಅಂಗಡ್ಯಾಗ ಕುಂತಂಗ. ಮ್ಯಾಲ ಮುಚ್ಚಾಕ ಗಾಜಿನಂಥಾ ಪ್ಲಾಸ್ಟಿಕ್ ಹಾಳಿ ತಂದ್ವಿ. ಅದನ್ನ ಕಾಸಿ ಬಗ್ಗಿಸಬೇಕಂತ ನೀರೊಲಿ ಮ್ಯಾಲ ಹಿಡದ್ರ, ಮೊದಲನೇದು ಎಣ್ಣ್ಯಾಗ ಬಿಟ್ಟ ಹಪ್ಪಳದಂಗ ಸುರುಳಿ ಸುತ್ತಿತು. ಇಬ್ಬರೂ ನಕ್ಕು ನಕ್ಕು ಹಿತ್ತಲದಾಗ ಕುಂತಬಿಟ್ವಿ. ಮುಂದಿನವು ಹಂಗೂ ಹಿಂಗೂ ಹೊಂದಿದ್ವು. ಮಿಸ್ತ್ರಿ ತಗಡಾ ಬಡದು ಬಟ್ಟಲ ಮಾಡಿ, ಕೊಯ್ದ ಕಮಾನಿನೊಳಗ ಕೂಡಿಸಿ ಬೆಸಗಿ ಹಾಕಿದ. ಬಣ್ಣಾನೂ ಆತು. ಬಣ್ಣ ಒಣಗಲಿ, ನಾಳೆ ಲೈಟು ಕುಂದ್ರಿಸೂಣು ಅಂತ ಗಾಡೀನ್ನ ಮನಿ ಮುಂದ ನಿಂದ್ರಿಸಿದ್ವಿ.

ಅವತ್ತ ಸಂಜೀಕ ಅಪ್ಪ, ನಾನು ಕಟ್ಟಿ ಮ್ಯಾಲ ಕುಂತಿದ್ವಿ. ಅವ್ವ ದೀಪಾ ತಗೊಂಡು ಹೊರಗ ಬಂದ್ಳು. ಸ್ಟೂಲಿನ ಕಡೆ ಹೊಂಟಾಕಿ ಅಲ್ಲೇ ನಿಂತ್ಳು. ಗಾಡಿ ನೋಡಿದ್ಳು, ಸುಮ್ನ ಅದರ ಮುಂದ ಹೋದ್ಳು. ಬಗ್ಗಿ ಬಲಗಡೆ ಬಟ್ಟಲದಾಗ ದೀಪಾ ಇಟ್ಳು. ಒಳಗ ಹೋಗಿ ಇನ್ನೊಂದು ತಂದು ಎಡಗಡೆ ಇಟ್ಳು.

"ಏ, ಬಣ್ಣಾ ಹಸೀ ಐತಿ—" ಅಂತ ಅಪ್ಪ ಎದ್ದ. ನಾ ಅವನ ಧೋತರ ಹಿಡದು ಜಗ್ಗಿ ಕುಂದ್ರಿಸಿದೆ. ಯಾಕಂದ್ರ ಆವಾಗ ನನಗೂ ಕಂಡಿತ್ತು. ಕೆಳಗ ಸಪಾಟ, ಮ್ಯಾಲ ಕಮಾನು. ನಾ ಸಣ್ಣಾಕಿದ್ದಾಗ ದಿನಾ ನೋಡಿದ್ದ, ಬಾಗಿಲದ ಬಾಜೂದ ಮಾಡ! ಗಾಳಿ ಬೀಸಿತು, ದೀಪಾ ಆರಲಿಲ್ಲ.

ಅವ್ವ ಹೊಳ್ಳಿ ಅಪ್ಪನ್ನ ನೋಡಿದ್ಳು. "ಗೋಡ್ಯಾಗಿಂದು ಮುಚ್ಚಿಸಿದ್ರಿ. ಅದಕ್ಕ ಇದರಾಗ ಮಾಡಿಸೀರೇನು?"

ಅಪ್ಪಗ ಅದು ಕನಸಿನ್ಯಾಗೂ ಹೊಳದಿರಲಿಲ್ಲ. ನನ್ನ ನೋಡಿದ, ದೀಪಾ ನೋಡಿದ. "ಹೂಂ ಮತ್ತ!" ಅಂದ. ನನಗ ನಗಿ ತಡಕೊಳ್ಳಾಕ ಆಗದ ಸೆರಗು ಬಾಯಾಗ ತುರುಕ್ಕೊಂಡೆ.

"ಸುಳ್ಳ" ಅಂದ್ಳು ಅವ್ವ. ಆದ್ರ ನಗಾಕತ್ತಿದ್ಳು.

ಅಪ್ಪ ಕಟ್ಟಿ ಇಳದು ಆಕಿ ಹತ್ರ ಹೋದ. "ಸುಳ್ಳ ಹೌದು. ಆದ್ರ ಇದು ಖರೇ. ನಾಳೆ ಚಿಕ್ಕೇರೂರಿಗೆ ಹೋಗೂಣು. ನೀ ಕುಂತ್ರ ಗಾಡಿ ಹೊಂಡತೈತಿ, ಇಲ್ಲಂದ್ರ ಇಲ್ಲೇ ಇರತೈತಿ." ಅವ್ವ ಬತ್ತಿ ಸರಿ ಮಾಡಿ ಒಳಗ ಹೋದ್ಳು. ಅಪ್ಪ ರಾತ್ರಿ ಊಟಾನೂ ಸರಿ ಮಾಡಲಿಲ್ಲ ಪಾಪ.

ಮುಂಜಾನೆ ಮಿಸ್ತ್ರಿ ಲೈಟು ಕುಂದ್ರಿಸಿ, ಮ್ಯಾಲ ಮುಚ್ಚಿಗಿ ಹಾಕೂ ಮುಂದ, ಬಟ್ಟಲದ ಮ್ಯಾಲ್ಭಾಗದಾಗ ದೀಪದ ಮಸಿ ನೋಡಿ ಒರಸಾಕ ಹೋದ. "ಕೈ ತಗಿ!" ಅಂದ ಅಪ್ಪ. ಮಸಿ ಹಂಗ ಉಳೀತು, ಈಗೂ ಐತಿ.

ಅಷ್ಟರಾಗ ಅವ್ವ ಬಂದ್ಳು. ಅದ ಇಳಕಲ್ ಸೀರಿ, ತಲಿ ತುಂಬ ಹೂವು, ಕಂಕುಳಾಗ ಮಡಚಿದ ಕೌದಿ. ಬಾಜೂ ಸೀಟಿನ ಮ್ಯಾಲ ಕೌದಿ ಹಾಸಿ, ಎರಡು ಸಲ ಅಂಗೈಲೆ ಬಡದು, ಕುಂತ್ಳು. ನಾ ಚಪ್ಪಾಳಿ ಹೊಡದೆ, ಮಿಸ್ತ್ರಿ ಸೀಟಿ ಹೊಡದ. "ಮೊದಲ ಪ್ಯಾಟಿಗೆ ನಡೀರಿ" ಅಂದ್ಳು ಅವ್ವ. "ಅವತ್ತ ಕುಂತೋರೆಲ್ಲಾ ನೋಡ್ಲಿ."

ನನಗೆಲ್ಲಿ ಜಾಗಾ? ನಾ ಸರಕಾರಿ ಬಸ್ಸ ಹಿಡದೆ. ಹಂಸಭಾವಿ ಹತ್ರ ನಮ್ಮ ಬಸ್ಸು ಅವರನ್ನ ಹಿಂದ ಹಾಕಿತು. ಮೊಹರಮ್ಮಿನ ಹೆಜ್ಜಿ ಕುಣತಕ್ಕಿಂತ ನಿಧಾನ ಹೊಂಟಿದ್ದ ಅಪ್ಪ. ನಾ ಕಿಡಕ್ಯಾಗಿಂದ "ಅವ್ವಾ!" ಅಂತ ಒದರಿದೆ. ಹೆತ್ತ ಮಗಳ ಕಡೆ ಹೊಳ್ಳಿ ಸುದ್ದಾ ನೋಡಲಿಲ್ಲ ಆಕಿ, ಹಾರ್ನು ಒತ್ತೂದ್ರಾಗ ಗರ್ಕ ಆಗಿದ್ಳು.

ಚಿಕ್ಕೇರೂರಿಗೆ ಗಾಡಿ ಬರೂದ್ರಾಗ ನಾ ಮುಟ್ಟಿದ್ದೆ. ಗಾಡಿ ನಿಂತಿದ್ದ ತಡ, ಅವ್ವನ ಅಣ್ಣ, ನಮ್ಮ ಸೋದರಮಾವ, ಟಾವೆಲ್ ಝಾಡಿಸ್ಕೋತ ಓಡಿ ಬಂದ. "ಏ ತಂಗಿ, ಇಳಿ ಇಳಿ, ನಾ ಒಂದು ರೌಂಡ ಹೋಗಿ ಬರ್ತೇನಿ!"

ಅಪ್ಪ ಸ್ಟೇರಿಂಗ್ ಹಿಡದು ಅವ್ವನ ಮಾರಿ ನೋಡಿದ. ಅವ್ವ ಕೌದಿ ಸರಿ ಮಾಡ್ಕೊಂಡು ಇನ್ನಷ್ಟು ಒಳಗ ಸರದು ಕುಂತ್ಳು.

"ಎರಡ ಸೀಟಿನ ಗಾಡಿ ಅಣ್ಣಾ" ಅಂದ್ಳು. "ಎರಡೂ ತುಂಬ್ಯಾವ."

ಅಪ್ಪ ಮಟ ಮಟ ಮಧ್ಯಾಹ್ನದಾಗ ಎರಡೂ ಲೈಟು ಹಚ್ಚಿದ.