ಅಯ್ಯನವರಿಗಾಗಿ ಒಂದು ಚೀಟಿ

ಗೆಳೆಯರೇ, ಇವತ್ತು ರಾಣೆಬೆನ್ನೂರಿನ ನಮ್ಮ ಚರ್ಚಿನಲ್ಲಿ ಒಂದು ಚೀಟಿ ಎಲ್ಲರ ಬಾಯಿ ಕಟ್ಟಿತು.

ಪ್ರಾರ್ಥನೆ ಬೇಕಾದವರು ಚೀಟಿ ಬರೆದು ಡಬ್ಬಿಗೆ ಹಾಕುತ್ತಾರೆ. ಅಯ್ಯನವರು, ಅಂದರೆ ನಮ್ಮ ಪಾಸ್ಟರು, ಒಂದೊಂದನ್ನೇ ಓದಿ ಪ್ರಾರ್ಥಿಸುತ್ತಾರೆ. ಇವತ್ತಿನ ಕೊನೆಯ ಚೀಟಿ ಹೀಗಿತ್ತು: ‘ಅಯ್ಯನವರ ಹೆಂಡತಿ ಎರಡು ತಿಂಗಳಿಂದ ದವಾಖಾನೆಯಲ್ಲಿದ್ದಾರೆ. ಅವರಿಗಾಗಿ ಪ್ರಾರ್ಥಿಸಿ.’

ಅಯ್ಯನವರು ಚೀಟಿ ಮಡಚಿದರು. “ಇದೊಂದು ನನ್ನ ಕೈಲೆ ಆಗೂದಿಲ್ಲ. ನಿಮ್ಮೊಳಗ ಯಾರರ ಮಾಡ್ರಿ,” ಎಂದು ಕುಳಿತುಬಿಟ್ಟರು.

ಯಾರೂ ಏಳಲಿಲ್ಲ. ಸಭೆಯ ಹಿರಿಯರಾದ ಸ್ಯಾಮುವೇಲಪ್ಪನವರು ನೆಲ ನೋಡುತ್ತಿದ್ದರು. ಅಯ್ಯನವರನ್ನು ವರ್ಗ ಮಾಡಿರೆಂದು ನಾವೆಲ್ಲ ಸಹಿ ಹಾಕಿದ ಅರ್ಜಿ ಸ್ಯಾಮುವೇಲಪ್ಪನವರ ಜೇಬಿನಲ್ಲಿತ್ತು.

ಹಿಂದಿನ ಸಾಲಿನಿಂದ ಮುದುಕಿ ಶಾಂತವ್ವ, “ಚೀಟಿ ನಾನ ಬರಸೇನಿ. ಸ್ಯಾಮುವೇಲಪ್ಪಾರ, ನೀವ ಹಿರಿಯರು. ಏಳ್ರಿ,” ಎಂದಳು.

ಅವರು ಎದ್ದು ಕಣ್ಣು ಮುಚ್ಚಿದರು. “ಕರ್ತನೇ, ನಮ್ಮ ಅಯ್ಯನವರ ಹೆಂಡತಿ...” ಎಂದವರು ಅಲ್ಲೇ ತಡವರಿಸಿ ಕಣ್ಣು ತೆರೆದರು. “ಅಯ್ಯನವರ, ಅಮ್ಮಾರ ಹೆಸರೇನ್ರಿ?”

“ಸುಗುಣಾ,” ಎಂದರು ಅಯ್ಯನವರು, ತಲೆ ಎತ್ತದೆ.

ಅಯ್ಯನವರು ನಮ್ಮ ಚರ್ಚಿಗೆ ಬಂದು ಮೂರು ವರ್ಷವಾಯಿತು. ನಮ್ಮ ಎಮ್ಮೆಗೆ ಜ್ವರ ಬಂದಾಗಲೂ ಎಮ್ಮೆಯ ಹೆಸರು ಹಿಡಿದು ಪ್ರಾರ್ಥಿಸಿದ ಮನುಷ್ಯ.

ಅರ್ಜಿಯ ಮೊದಲ ದೂರು ನನಗೆ ಬಾಯಿಪಾಠ: ‘ಎರಡು ತಿಂಗಳಿಂದ ನಮ್ಮ ಮನೆಗಳಿಗೆ ಬಂದು ಕಷ್ಟಸುಖ ವಿಚಾರಿಸುತ್ತಿಲ್ಲ.’ ಅದನ್ನು ಟೈಪ್ ಮಾಡಿದವನು ನಾನೇ.