ಬಿಚ್ಚಿ ಹೊಲಿಯುವ ಕಾಲರ್ ಅಕ್ಕ

ಶನಿವಾರ ಬೆಳಗಿನ ಐದೂವರೆ. ಐದು ಮಹಡಿಯ ಆ ಕಟ್ಟಡದಲ್ಲಿ ಇನ್ನೂ ಯಾರ ಅಡುಗೆಮನೆಯ ದೀಪವೂ ಹತ್ತಿಲ್ಲ. ನೆಲಮಹಡಿಯ ಮೂಲೆಯ ಕೋಣೆಯಲ್ಲಿ ಮಾತ್ರ ಟ್ಯೂಬ್‌ಲೈಟು ಎರಡು ಸಲ ಮಿಟುಕಿ, ಮೂರನೆಯ ಸಲಕ್ಕೆ ಮನಸ್ಸು ಮಾಡಿ ಹತ್ತುತ್ತದೆ. ಅದರ ಕೆಳಗೆ ಐವತ್ತಮೂರರ ಹೆಂಗಸೊಬ್ಬರು ಚಾಪೆಯ ಮೇಲೆ ಕಾಲು ಚಾಚಿ ಕೂತು, ಯಾರೋ ಹಾಕಿ ಬಿಟ್ಟ ನೀಲಿ ಗೆರೆಯ ಅಂಗಿಯೊಂದನ್ನು ತೊಡೆಯ ಮೇಲೆ ಹರಡಿಕೊಳ್ಳುತ್ತಾರೆ. ಕೈಯಲ್ಲಿ ಹೊಲಿಗೆ ಬಿಚ್ಚುವ ಪುಟ್ಟ ಕೊಕ್ಕೆ. ಮೂರು ಹೊಲಿಗೆ ಬಿಟ್ಟು ನಾಲ್ಕನೆಯದನ್ನು ಪಟ್ಟೆಂದು ಕತ್ತರಿಸುತ್ತ ತೋಳಿನ ಸುತ್ತ ಒಂದು ಸುತ್ತು ಬರುತ್ತಾರೆ. ಬಟ್ಟೆ ತಿರುಗಿಸಿ ಹಿಂದಿನ ದಾರದ ತುದಿ ಹಿಡಿದೆಳೆದರೆ ಸರ್ರನೆ ಇಡೀ ತೋಳು ಕೈಗೆ ಬರುತ್ತದೆ. ಆರು ಗಂಟೆ ಹೊಡೆಯುವಷ್ಟರಲ್ಲಿ ಅಂಗಿ ಚಾಪೆಯ ಮೇಲೆ ಬಿಡಿಬಿಡಿಯಾಗಿ ಮಲಗಿದೆ: ಬೆನ್ನು, ಎರಡು ಮುಂಭಾಗ, ಎರಡು ತೋಳು, ಜೇಬು, ಕಾಲರು.

“ಎಲ್ರಿಗೂ ಕತ್ತರಿ ಹಾಕೋ ಅವಸರ. ಮೊದ್ಲು ಬಿಚ್ಚಿ ನೋಡಿ ಅಂತೀನಿ ನಾನು. ಹೊಲಿದವ್ರು ಎಷ್ಟು ಪಾಡು ಪಟ್ಟಿದ್ದಾರೆ ಅಂತ ಗೊತ್ತಾದ್ಮೇಲೆ ಕೈ ತಾನಾಗೇ ನಿಧಾನ ಆಗುತ್ತೆ” ಎನ್ನುತ್ತಾ ಅವರು ಮುಂದಿನ ಅಂಗಿಗೆ ಕೈ ಹಾಕುತ್ತಾರೆ. ಇಂಥವು ಶನಿವಾರಕ್ಕೆ ಎಂಟರಿಂದ ಹತ್ತು.

ಕಟ್ಟಡದ ನಲವತ್ತು ಮನೆಗಳಿಗೂ ಅವರು ‘ಕಾಲರ್ ಅಕ್ಕ’. ಆ ಹೆಸರು ಬಂದದ್ದು ಒಂದು ಸಿದ್ಧ ಉಡುಪಿನ ಕಾರ್ಖಾನೆಯಿಂದ. ಅಲ್ಲಿ ಹದಿನೆಂಟು ವರ್ಷ ಅವರು ಹೊಲಿದದ್ದು ಕಾಲರು ಮಾತ್ರ. ದಿನಕ್ಕೆ ಮುನ್ನೂರ ಇಪ್ಪತ್ತು ಕಾಲರು. ಹೊಲಿದು, ಮಗುಚಿ, ಮೂಲೆ ಚೂಪು ಮಾಡಿ ಪಕ್ಕದ ಮೇಜಿಗೆ ದಾಟಿಸಿದರೆ ಮುಗಿಯಿತು. ಆ ಕಾಲರು ಯಾವ ಅಂಗಿಯ ಕತ್ತು ಸೇರಿತೋ, ಅಂಗಿಗೆ ಹೂವಿತ್ತೋ ಗೆರೆಯಿತ್ತೋ, ನೋಡಲು ಪುರುಸೊತ್ತಾದರೂ ಎಲ್ಲಿ? ಒಂದು ಸೋಮವಾರ ಬೆಳಿಗ್ಗೆ ಹೋದರೆ ಗೇಟಿಗೆ ಬೀಗ. ಒಳಗಿದ್ದ ಊಟದ ಡಬ್ಬಿಯನ್ನೂ ತರಲಾಗದೆ ಮನೆಗೆ ಬಂದರು.

ಮನೆಗೆ ಬಂದ ನಾಲ್ಕನೆಯ ದಿನ ಎದುರು ಮನೆಯಾಕೆ ಬಟ್ಟೆ ಹಿಡಿದು ನಿಂತರು. “ಹದಿನೆಂಟು ವರ್ಷ ಹೊಲಿದೋರು ನೀವು, ನಮ್ಮನೆಯವರಿಗೆ ಒಂದು ಅಂಗಿ ಹೊಲಿದ್ಕೊಡಿ.”

“ತಲೆನೋವು ಅಂತ ಸುಳ್ಳು ಹೇಳಿ ಬಾಗಿಲು ಹಾಕ್ಕೊಂಡೆ” ಎಂದು ಅಕ್ಕ ಈಗ ನಗುತ್ತಾರೆ. ಅಂದು ನಗು ಬಂದಿರಲಿಲ್ಲ. “ನಂಗೆ ಅಂಗಿ ಹೊಲಿಯೋಕೆ ಬರ್ತಿರ್ಲಿಲ್ಲ ಕಣ್ರೀ. ತೋಳು ಎಲ್ಲಿ ಶುರು ಮಾಡ್ಬೇಕು, ಜೇಬು ಮೊದ್ಲೋ ಭುಜ ಮೊದ್ಲೋ, ಒಂದೂ ಗೊತ್ತಿಲ್ಲ. ನಾಚಿಕೆಯಿಂದ ಸತ್ತೇ ಹೋಗ್ಬೇಕು ಅನ್ನಿಸ್ತು.”

ಆ ವಾರವೇ ಅವರು ಗಂಡನ ಹಳೆಯ ಅಂಗಿಯೊಂದನ್ನು ನೆಲದ ಮೇಲೆ ಹರಡಿ ಒಂದೊಂದೇ ಹೊಲಿಗೆ ಬಿಚ್ಚತೊಡಗಿದರು. ಯಾವುದು ಯಾವುದಕ್ಕೆ ಕೂಡಿತ್ತು ಎಂದು ಸೋಪಿನ ಚೂರಿನಿಂದ ಗುರುತು ಹಾಕಿಕೊಂಡರು. ಅದನ್ನು ಕಂಡ ಅತ್ತೆ ಮಗನನ್ನು ಕೂಗಿ, “ಇರೋ ಅಂಗೀನೂ ಬಿಚ್ಚಿ ಹಾಕಿದ್ದಾಳಲ್ಲಪ್ಪಾ, ನಾಳೆ ಕೆಲಸಕ್ಕೆ ಏನು ಹಾಕ್ಕೊಂಡು ಹೋಗ್ತೀಯೋ!” ಎಂದು ಹಣೆ ಚಚ್ಚಿಕೊಂಡರಂತೆ. ಮೊದಲ ಸಲ ತಿರುಗಿ ಹೊಲಿದಾಗ ಎಡದ ತೋಳು ಬಲಕ್ಕೆ, ಬಲದ್ದು ಎಡಕ್ಕೆ ಹೋಗಿ ಕೂತಿತ್ತು. ಗಂಡ ಅದನ್ನೇ ಹಾಕಿಕೊಂಡು ಕೆಲಸಕ್ಕೆ ಹೋದರು. ಅವರು ಲಿಫ್ಟ್ ರಿಪೇರಿಯ ಮೆಕ್ಯಾನಿಕ್. “ಕೈ ಮೇಲೆತ್ತಿದ್ರೆ ಅಂಗೀನೂ ಜೊತೆಗೇ ಹೊಟ್ಟೆ ಮೇಲಕ್ಕೆ ಬರೋದು. ಅವತ್ತು ನಮ್ಮ ಹುಡುಗರು ಕೆಟ್ಟ ಲಿಫ್ಟ್ ಬಿಟ್ಟು ನನ್ನ ಅಂಗೀನೇ ನೋಡ್ತಾ ನಿಂತಿದ್ರು, ಇದೊಂದು ಲಿಫ್ಟ್ ಚೆನ್ನಾಗಿ ಕೆಲಸ ಮಾಡ್ತಿದೆ ಅಂತ!” ಎಂದು ಅವರು ಇವತ್ತಿಗೂ ಹೇಳಿಕೊಂಡು ನಗುತ್ತಾರೆ. ಬಿಚ್ಚಿ ಮತ್ತೆ ಹೊಲಿದು, ಮೂರನೆಯ ಸಲಕ್ಕೆ ಅಂಗಿ ಅಂಗಿಯಂತಾಯಿತು.

ಆಮೇಲೆ ಒಂದು ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಕೆಲಸ ಸಿಕ್ಕಿತು. ಸೋಮವಾರದಿಂದ ಶುಕ್ರವಾರದವರೆಗೆ ಅವರು ಈಗಲೂ ಅಲ್ಲೇ. ಒಗೆದು ಬಂದ ಬೆಡ್‌ಶೀಟುಗಳನ್ನು ಬೆಳಕಿಗೆ ಹಿಡಿದು, ಹರಿದದ್ದನ್ನು ಬೇರೆ ಮಾಡಿ, ದಿನಕ್ಕೆ ನಲವತ್ತರಷ್ಟು ದುರಸ್ತಿ ಮಾಡುತ್ತಾರೆ. ಅಲ್ಲಿನ ಹಿರಿಯರೊಬ್ಬರು ಹೇಳಿಕೊಟ್ಟ ಒಂದು ಉಪಾಯವೇ ಈ ಶನಿವಾರದ ಕೋಣೆಗೆ ಬುನಾದಿ. ಬೆಡ್‌ಶೀಟು ಸವೆಯುವುದು ನಡುವೆ, ಮೈ ಒತ್ತುವ ಕಡೆ. ಎರಡೂ ಅಂಚು ಹೊಸದರಂತೆಯೇ ಇರುತ್ತವೆ. ನಡುವೆ ಉದ್ದಕ್ಕೆ ಸೀಳಿ, ಅಂಚುಗಳನ್ನು ತಂದು ನಡುವೆ ಕೂಡಿಸಿ ಹೊಲಿದು, ಸವೆದದ್ದನ್ನು ಹೊರಗೆ ಮಡಚಿಬಿಟ್ಟರೆ ಇನ್ನೂ ನಾಲ್ಕು ವರ್ಷಕ್ಕೆ ಮೋಸವಿಲ್ಲ.

ಮೂರು ವರ್ಷದ ಹಿಂದೆ ಕಟ್ಟಡದ ಕಸದ ಡಬ್ಬಿಯ ಮೇಲೆ ಅಂಥದೇ ಒಂದು ಬೆಡ್‌ಶೀಟು ಕಂಡಿತು. ಅಕ್ಕ ಅದನ್ನು ಹೆಗಲಿಗೆ ಹಾಕಿಕೊಂಡು ಯಾರದೆಂದು ವಿಚಾರಿಸುತ್ತಾ ನಾಲ್ಕನೆಯ ಮಹಡಿಗೆ ಹೋಗಿ ಶಾಲಾ ಟೀಚರೊಬ್ಬರ ಬಾಗಿಲು ತಟ್ಟಿದರು. “ಕಸ ಎತ್ಕೊಂಡು ವಾಪಸ್ ಬಂದಿದ್ದಾರಲ್ಲ, ಜಗಳಕ್ಕೇ ಬಂದ್ರು ಅಂದ್ಕೊಂಡೆ” ಎಂದು ಟೀಚರು ನೆನೆಯುತ್ತಾರೆ. “ಇವ್ರು, ಅರ್ಧ ಗಂಟೆ ಪುರುಸೊತ್ತಿದ್ಯಾ ಮೇಡಂ ಅಂತ ಕೇಳಿದ್ರು.” ಅವರೇ ಮೊದಲ ವಿದ್ಯಾರ್ಥಿನಿ. ಹಳೆ ಸೈಕಲ್ಲು ತುಂಬಿದ್ದ ನೆಲಮಹಡಿಯ ಕೋಣೆಯನ್ನು ಕಟ್ಟಡದ ಸಂಘದವರು ‘ಒಂದು ತಿಂಗಳು ನೋಡೋಣ’ ಎಂದು ಬಿಟ್ಟುಕೊಟ್ಟರು. ಅವರು ಇನ್ನೂ ನೋಡುತ್ತಲೇ ಇದ್ದಾರೆ.

ಎಂಟು ಗಂಟೆಗೆ ಬಾಗಿಲು ತೆರೆದರೆ ಕೋಣೆ ಗಿಜಿಗುಡುತ್ತದೆ. ಮೂರು ಮಷೀನು, ಒಂದು ಇಸ್ತ್ರಿ ಪೆಟ್ಟಿಗೆ, ಹನ್ನೆರಡು ಜನ. ಒಬ್ಬರು ಅಂಗಿಯ ಮುಂಭಾಗವನ್ನು ದಿಂಬಿನ ಕವರು ಮಾಡುತ್ತಿದ್ದಾರೆ. ಗುಂಡಿ, ಕಾಜಾ ಅದರಲ್ಲೇ ಇರುವುದರಿಂದ ಜಿಪ್ಪಿನ ತಂಟೆಯಿಲ್ಲ. ಇನ್ನೊಬ್ಬರ ಕೈಯಲ್ಲಿ ಜೀನ್ಸ್ ಪ್ಯಾಂಟಿನ ಕಾಲು ನೀರಿನ ಬಾಟಲಿಯ ಚೀಲವಾಗುತ್ತಿದೆ. ಹಳೆಯ ಟವೆಲ್ಲುಗಳನ್ನು ನಾಲ್ಕು ಪದರ ಮಡಚಿ ಹೊಲಿದು ಕಾಲೊರೆಸು ಮಾಡುವವರದು ಒಂದು ಮೂಲೆ. “ಇದೊಂದು ಸ್ವಲ್ಪ ಗಿಡ್ಡ ಮಾಡ್ಕೊಟ್ಬಿಡಿ ಅಕ್ಕಾ” ಎಂದು ಪ್ಯಾಂಟು ಚಾಚಿ ಬಾಗಿಲಲ್ಲೇ ನಿಲ್ಲುವವರಿಗೆ ಅಕ್ಕ ಸೊಪ್ಪು ಹಾಕುವುದಿಲ್ಲ. “ಹೊಲಿದ್ಕೊಡಲ್ಲ. ಬನ್ನಿ, ಕೂತ್ಕೊಳ್ಳಿ. ಹೇಳ್ಕೊಡ್ತೀನಿ.”

ಕಿಟಕಿಯ ಪಕ್ಕದ ಕುರ್ಚಿ ಎಪ್ಪತ್ತೊಂಬತ್ತರ ಅತ್ತೆಯದು. ಹಣೆ ಚಚ್ಚಿಕೊಂಡವರೇ ಈಗ ಗುಂಡಿ ಖಾತೆಯ ಮಂತ್ರಿಣಿ. ಬಿಚ್ಚಿದ ಅಂಗಿಯ ಗುಂಡಿಗಳನ್ನೆಲ್ಲ ಬಣ್ಣ ನೋಡಿ, ತೂತು ಎಣಿಸಿ ಇಪ್ಪತ್ತಮೂರು ಬಾಟಲಿಗಳಲ್ಲಿ ತುಂಬಿಟ್ಟಿದ್ದಾರೆ. ಯಾರಾದರೂ ಗುಂಡಿ ಕೇಳಿದರೆ ಮೊದಲು, “ಹಳೇದು ಹೇಗೆ ಕಳೆದ್ಹೋಯ್ತು?” ಎಂದು ವಿಚಾರಣೆಯಾಗುತ್ತದೆ. ಉತ್ತರ ಸರಿಬಂದರೆ ಮಾತ್ರ ಬಾಟಲಿಯ ಮುಚ್ಚಳ ತೆರೆಯುತ್ತದೆ.

ಈ ಗದ್ದಲದ ನಡುವೆ ಅರವತ್ತೊಂದರ ಗಂಡಸೊಬ್ಬರು ಎಡಗೈಯಲ್ಲಿ ಕೊಕ್ಕೆ ಹಿಡಿದು ಹೊಲಿಗೆ ಬಿಚ್ಚುತ್ತಿದ್ದಾರೆ. ಮೂವತ್ತೊಂದು ವರ್ಷ ಬಸ್ಸು ಓಡಿಸಿದ ಡ್ರೈವರಣ್ಣ. ಮನೆ ಎರಡನೆಯ ಮಹಡಿ. ಎರಡು ವರ್ಷದ ಹಿಂದೆ ಪಾರ್ಶ್ವವಾಯು ಬಡಿಯಿತು. ನಡಿಗೆ ಮರಳಿ ಬಂತು, ಮಾತು ಮರಳಿ ಬಂತು, ಬಲಗೈ ಬೆರಳುಗಳು ಮಾತ್ರ ಹೇಳಿದ ಮಾತು ಕೇಳಲಿಲ್ಲ. ಅವರು ಈ ಕೋಣೆಗೆ ಬಂದ ಕತೆಯನ್ನು ಅಕ್ಕನ ಬಾಯಿಂದಲೇ ಕೇಳಬೇಕು.

ಕಳೆದ ವರ್ಷ ಅವರ ಮಗಳು ಒಂದು ಗಂಟು ತಂದು ಇಟ್ಟರು. ಒಂಬತ್ತು ಅಂಗಿ, ಒಂದೊಂದೂ ಇಸ್ತ್ರಿ ಮಾಡಿದ್ದು. “ಅಪ್ಪ ಇನ್ನು ಹಾಕಲ್ವಂತೆ. ಚೀಲಗೀಲ ಮಾಡ್ಕೊಳ್ಳಿ ಅಕ್ಕಾ.” ಅಕ್ಕ ಕೊಕ್ಕೆ ಎತ್ತಿಕೊಂಡವರು ಹಾಗೇ ಕೆಳಗಿಟ್ಟರು. ಸವೆಯದ ಅಂಗಿಯನ್ನು ಬಿಚ್ಚಲು ಕೈ ಬರಲಿಲ್ಲ. “ಯಾಕೆ ಹಾಕಲ್ವಂತೆ?” ಎಂದು ಕೇಳಿದರು.

ಮಗಳ ಕಣ್ಣು ತುಂಬಿತು. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುನ್ನ ಅಪ್ಪನ ಗುಂಡಿ ಅವರೇ ಹಾಕಬೇಕಿತ್ತು. ಟೀ ಶರ್ಟು ತೊಡಲು ಎರಡೂ ಕೈ ಮೇಲೆತ್ತಬೇಕು, ಅದೂ ಆಗದು. ಅಪ್ಪ ಮೂರು ತಿಂಗಳಿಂದ ಬನಿಯನ್ನಿನಲ್ಲೇ ಕೂತಿದ್ದಾರೆ, ಮೆಟ್ಟಿಲು ಇಳಿದಿಲ್ಲ. ಹದಿನಾಲ್ಕು ವರ್ಷ ಅವರ ಬಸ್ಸಿನಲ್ಲೇ ಕೆಲಸ ಮಾಡಿದ ಕಂಡಕ್ಟರಿಗೆ ಬರುವ ಭಾನುವಾರ ಡಿಪೋದಲ್ಲಿ ಬೀಳ್ಕೊಡುಗೆ. ಅದಕ್ಕೂ ಹೋಗುವುದಿಲ್ಲ ಎಂದು ಹಟ ಹಿಡಿದಿದ್ದಾರೆ.

ಅಕ್ಕ ಆ ಸಂಜೆಯೇ ಒಂದು ಅಂಗಿ ಹಿಡಿದು ಎರಡನೆಯ ಮಹಡಿ ಹತ್ತಿದರು. ಡ್ರೈವರಣ್ಣ ಮುಖ ತಿರುಗಿಸಿಕೊಂಡರು. “ಕೊಟ್ಟಾಯ್ತಲ್ಲ ತಂಗಿ, ಮತ್ಯಾಕೆ ತಂದ್ರಿ?”

“ಒಂದು ಮಾತು ಕೇಳ್ಬೇಕಿತ್ತು ಅಣ್ಣ. ನಿಮ್ಗೆ ಬೇಡವಾಗಿರೋದು ಅಂಗಿನಾ, ಗುಂಡಿನಾ?”

ಡ್ರೈವರಣ್ಣ ಎಡಗೈಯಿಂದ ಅಂಗಿಯನ್ನು ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ, “ಗುಂಡಿ” ಎಂದರು. “ಮೂರು ವರ್ಷದ ಮಗು ತರ ಮಗಳ ಮುಂದೆ ಎದೆ ಕೊಟ್ಟು ನಿಲ್ಬೇಕು. ಅವಳಿಗೆ ಬಸ್ಸು ತಪ್ಪೋ ಹೊತ್ತು. ನಾನು ಬಸ್ಸು ಓಡಿಸ್ದೋನು ತಂಗಿ. ನನ್ನಿಂದಾಗಿ ನನ್ನ ಮಗಳಿಗೇ ಬಸ್ಸು ತಪ್ಪೋದು ಅಂದ್ರೆ!”

ಅಕ್ಕನಿಗೆ ದಾರಿ ಹೊಳೆಯಿತು. ಗುಂಡಿಗಳನ್ನು ಕಿತ್ತು ಕಾಜಾದ ಮೇಲೇ ಹೊಲಿದುಬಿಡುವುದು. ನೋಡುವವರಿಗೆ ಗುಂಡಿ ಹಾಕಿದಂತೆಯೇ ಕಾಣುತ್ತದೆ. ಒಳಗಡೆ ಮಕ್ಕಳ ಶೂಗಳಿಗಿರುವಂಥ, ಒತ್ತಿದರೆ ಅಂಟಿ ಎಳೆದರೆ ಬಿಡುವ ಪಟ್ಟಿ. ಗಟ್ಟಿಯಾಗಿರಲಿ ಎಂದು ಮೇಲಿಂದ ಕೆಳಗಿನವರೆಗೂ ಉದ್ದ ಪಟ್ಟಿ ಹೊಲಿದು ತಂದರು. ಡ್ರೈವರಣ್ಣ ಹಾಕಿಕೊಂಡರು, ಕುರ್ಚಿಯಲ್ಲಿ ಕೂತರು. ಪಟ್ಟಿ ಸೆಟೆದುಕೊಂಡು, ಹೊಟ್ಟೆಯ ಹತ್ತಿರ ‘ಚರ್ರ್’ ಎಂದು ಇಡೀ ಅಂಗಿ ಬಾಯಿ ಬಿಟ್ಟಿತು. ಅಕ್ಕನೂ ಪಕ್ಕದಲ್ಲಿದ್ದ ಮಗಳೂ ಅವರ ಮುಖ ನೋಡಿದರು. ಆಮೇಲೆ ಡ್ರೈವರಣ್ಣನೇ, “ಬಸ್ಸಿನ ಬಾಗಿಲು ಇದಕ್ಕಿಂತ ಮೆಲ್ಲಗೆ ತೆಗೀತಿತ್ತು ತಂಗಿ” ಎಂದರು. ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಪ್ಪ ನಕ್ಕು ಎಷ್ಟು ದಿನವಾಗಿತ್ತೆಂದು ಮಗಳಿಗೆ ನೆನಪೇ ಇರಲಿಲ್ಲ.

ಉದ್ದ ಪಟ್ಟಿ ಬಿಚ್ಚಿ, ಗುಂಡಿ ಇದ್ದ ಜಾಗದಲ್ಲಷ್ಟೇ ಹೆಬ್ಬೆರಳ ಉಗುರಿನಗಲದ ತುಂಡುಗಳನ್ನು ಇಟ್ಟು ಅಕ್ಕ ಮತ್ತೆ ಹೊಲಿದರು. ಕೆಳಗಿನಿಂದ ಶುರು ಮಾಡಿ ಒಂದೊಂದನ್ನೇ ಎಡಗೈಯಲ್ಲಿ ಒತ್ತುತ್ತಾ ಮೇಲೆ ಬರಬೇಕು. ಶನಿವಾರವಿಡೀ ಡ್ರೈವರಣ್ಣ ಅದನ್ನೇ ಅಭ್ಯಾಸ ಮಾಡಿದರು.

ಭಾನುವಾರ ಬೆಳಿಗ್ಗೆ ಅವರು ಕೋಣೆಯ ಚಿಲಕ ಹಾಕಿಕೊಂಡರು. ಇಪ್ಪತ್ತೈದು ನಿಮಿಷ. ಹೊರಗೆ ಮಗಳು ಆ ಕಡೆ ಈ ಕಡೆ ಓಡಾಡುತ್ತಿದ್ದರು. ಬಾಗಿಲು ತೆರೆದಾಗ ನೋಡಿದರೆ ಪಟ್ಟಿಯ ಒಂದು ತುಂಡು ಜಾಗ ತಪ್ಪಿ ಅಂಟಿ, ಅಂಗಿಯ ಒಂದು ಬದಿ ಮೇಲಕ್ಕೆ ಹೋಗಿದೆ. ಮಗಳ ಕೈ ತಾನಾಗಿಯೇ ಮುಂದೆ ಬಂತು. “ಬೇಡ ಇರು” ಎಂದು ಅವರು ಮತ್ತೆ ಒಳಗೆ ಹೋಗಿ ಚಿಲಕ ಹಾಕಿದರು. ಎರಡನೆಯ ಸಲ ಹೊರಬಂದಾಗ ಎಲ್ಲವೂ ನೇರ.

ಅಕ್ಕ ಕೆಳಗೆ ಕೋಣೆಯ ಬಾಗಿಲಲ್ಲಿ, ಗುಡಿಸಿದ ಜಾಗವನ್ನೇ ಮತ್ತೆ ಗುಡಿಸುತ್ತಾ ನಿಂತಿದ್ದರು. ಡ್ರೈವರಣ್ಣ ಮೆಟ್ಟಿಲಿಳಿದು ಬಂದು ಎದೆಯುಬ್ಬಿಸಿ ನಿಂತರು. “ಏನು ತಂಗಿ, ಗುಂಡಿ ಸರಿಯಾಗಿ ಹಾಕಿದ್ದೀನಾ?”

“ನಮ್ಮ ಕಾರ್ಖಾನೆಯಲ್ಲಿ ಇದ್ದಿದ್ರೆ ನಿಮ್ಮನ್ನ ಹೊಲಿದ ಅಂಗಿ ಪರೀಕ್ಷೆ ಮಾಡೋ ಮೇಜಿಗೇ ಹಾಕ್ತಿದ್ರು ಅಣ್ಣ” ಎಂದರಂತೆ ಅಕ್ಕ. ಡ್ರೈವರಣ್ಣ ಬೀದಿ ದಾಟಿ ಬಸ್ಸು ಹತ್ತುವವರೆಗೂ ನೋಡಿ, ಒಳಗೆ ಹೋಗಿ ಪೊರಕೆ ಹಿಡಿದೇ ಅತ್ತುಬಿಟ್ಟರಂತೆ. “ಖುಷಿಗೆ ಕಣ್ರೀ. ಕಾರ್ಖಾನೆಯ ಹದಿನೆಂಟು ವರ್ಷದಲ್ಲಿ ನಾನು ಹೊಲಿದಿದ್ದನ್ನ ಒಬ್ರಾದ್ರೂ ಹಾಕ್ಕೊಂಡು ಹೊರಗೆ ಹೋಗಿದ್ದನ್ನ ನೋಡಿರ್ಲಿಲ್ಲ.”

ಉಳಿದ ಎಂಟು ಅಂಗಿಗಳ ಗುಂಡಿ ಕೀಳಲು ಡ್ರೈವರಣ್ಣ ತಾವೇ ಕೆಳಗೆ ಬಂದರು. ಆ ಕೆಲಸ ಮುಗಿದರೂ ಬರುವುದು ನಿಲ್ಲಲಿಲ್ಲ. “ಎಡಗೈಗೆ ಅರವತ್ತು ವರ್ಷ ಆದ್ಮೇಲೆ ಕೆಲಸ ಸಿಕ್ಕಿದೆ, ಬಿಡೋಕಾಗುತ್ತಾ?” ಎನ್ನುವುದು ಅವರ ವಾದ. ಅವರನ್ನು ನೋಡಿ ಬೇರೆ ಮನೆಗಳಿಂದಲೂ ಕೇಳಿಕೆ ಬಂದಿದೆ. ಬೆರಳು ಸೊಟ್ಟಗಾದ ಅಜ್ಜಿಯೊಬ್ಬರಿಗೆ, ತೋಳು ಮುರಿದು ಕಟ್ಟು ಹಾಕಿಸಿಕೊಂಡ ಹುಡುಗಿಗೆ, ಹೀಗೆ ಈವರೆಗೆ ಹದಿನೇಳು ಉಡುಪುಗಳು ಗುಂಡಿಯ ಹಂಗು ಬಿಟ್ಟಿವೆ.

ಸುಲಭದ ಬದುಕೇನಲ್ಲ. ಐದು ದಿನ ಆಸ್ಪತ್ರೆಯಲ್ಲಿ ಮಷೀನು ತುಳಿದ ಮಂಡಿಗೆ ಶನಿವಾರ ಬೇಕಿರುವುದು ವಿಶ್ರಾಂತಿ. ಸೂಜಿಯ ಕಣ್ಣು ಈಗ ಎರಡೆರಡಾಗಿ ಕಾಣುತ್ತದೆ. ಕೋಣೆಯ ಗೋಡೆಗೆ ತೇವ. “ಬಿಟ್ಬಿಡೇ ಮಾರಾಯ್ತಿ, ಮಲಗಿ ಎದ್ದೇಳು ಒಂದು ಶನಿವಾರ” ಎಂದು ಗಂಡ ಗದರುತ್ತಾರೆ, ಗದರುತ್ತಲೇ ಮಷೀನಿಗೆ ಎಣ್ಣೆ ಬಿಡುತ್ತಾರೆ.

ಮಧ್ಯಾಹ್ನ ಒಂದು ಗಂಟೆಗೆ ಕೋಣೆ ಖಾಲಿಯಾಗುತ್ತದೆ. ಅಕ್ಕ ನೆಲದ ಮೇಲಿನ ದಾರದ ಚೂರುಗಳನ್ನು ಅಂಗೈಯಿಂದ ಒತ್ತಿ ಒತ್ತಿ ಎತ್ತಿಕೊಳ್ಳುತ್ತಾರೆ. ಮುಂದಿನ ಆಸೆ ಏನೆಂದು ಕೇಳಿದರೆ, ದೊಡ್ಡ ಪ್ರಶ್ನೆಗೆ ಸಿಕ್ಕಿಬಿದ್ದವರಂತೆ ಅತ್ತೆಯ ಮುಖ ನೋಡುತ್ತಾರೆ.

“ಅಂಥ ಆಸೆ ಏನಿಲ್ಲಪ್ಪ. ಈ ಕಟ್ಟಡದಲ್ಲಿ ಎಲ್ಲ ಮನೆಯಲ್ಲೂ ಒಂದು ಸೂಜಿ ಇರ್ಬೇಕು. ಡಬ್ಬಿ ತಳದಲ್ಲಿ ತುಕ್ಕು ಹಿಡಿದಿರೋದಲ್ಲ, ದಾರ ಪೋಣಿಸಿಟ್ಟಿರೋದು. ಮೊನ್ನೆ ಒಂದೊಂದೇ ಮನೆ ಲೆಕ್ಕ ಹಾಕ್ದೆ. ಹನ್ನೊಂದು ಮನೆಯಲ್ಲಿ ಇದೆ.” ಬೆರಳು ಮಡಚಿ ಒಂದು ಸಲ ಖಾತ್ರಿ ಮಾಡಿಕೊಂಡು ಹೇಳುತ್ತಾರೆ, “ಇನ್ನು ಇಪ್ಪತ್ತೊಂಬತ್ತು. ಅವಸರ ಏನಿಲ್ಲ.”